ಮಂಗಳ ಗ್ರಹದಿಂದ ರಜೆ

ಉಪ್ಪಿನಕಾಯಿ ಡಬ್ಬಿಗೆ ಟೇಪು ಸುತ್ತುವಾಗ ಮೂಗಿಗೆ ಬಡಿಯುವ ಸಾಸಿವೆಯ ಘಾಟು ಈಗಲೂ ನನ್ನನ್ನು, ಕೊಲ್ಲಿ ನಾಡಿನಲ್ಲಿ ನಾವಿದ್ದ ಮಿರ್ದಿಫ್‌ನ ಪಾರ್ಕಿಗೆ ಒಯ್ಯುತ್ತದೆ.

ಅಂದು ಶುಕ್ರವಾರ. ಟೆಲಿಸ್ಕೋಪ್ ನಿಲ್ಲಿಸಿ ಕತ್ತಲಿಗೆ ಕಾಯುತ್ತಿದ್ದ ಅಲ್ಲಿಯವಳೇ ಆದ ಎಮಿರಾತಿ ಹುಡುಗಿ, ಮಂಗಳ ಗ್ರಹಕ್ಕೆ ಯಾರು ಹೋಗುತ್ತೀರಿ ಎಂದು ಮಕ್ಕಳನ್ನು ಕೇಳಿದಳು. ಮೊದಲು ಕೈ ಎತ್ತಿದವಳು ನಾನು.

ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದ ಅಜ್ಜಿ ನನ್ನ ಭುಜ ಹಿಡಿದಳು.

“ಲಗೇಜು ಎಷ್ಟು ಕಿಲೋ ಬಿಡ್ತಾರೆ ಕೇಳು ಮಗಾ. ಉಪ್ಪಿನಕಾಯಿ ಕಟ್ಟಿಕೊಡ್ಲಿಕ್ಕುಂಟು. ರಜೆ ಯಾವಾಗ ಅಂತಲೂ ಕೇಳು.”

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಹೋಗಿ ಬರಲು ಮೂರು ವರ್ಷ ಬೇಕಾದೀತು ಎಂದು ಹುಡುಗಿ ನಕ್ಕಳು.

ಅದನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜಿಗೆ ಸಮಾಧಾನವಾಯಿತು. “ಅಷ್ಟೆಯಾ? ನಿನ್ನ ಅಪ್ಪ ಊರಿಗೆ ಬರುವುದೂ ಮೂರು ವರ್ಷಕ್ಕೊಮ್ಮೆಯೇ.”

ಪಕ್ಕದಲ್ಲಿದ್ದ ಅಪ್ಪ ಥಟ್ಟನೆ ಬಾಗಿ ಟೆಲಿಸ್ಕೋಪಿಗೆ ಕಣ್ಣಿಟ್ಟ. ಬಹಳ ಹೊತ್ತು ತಲೆ ಎತ್ತಲಿಲ್ಲ.

ಹುಡುಗಿ ಅದರ ಮುಚ್ಚಳವನ್ನು ಇನ್ನೂ ತೆಗೆದಿರಲಿಲ್ಲ.