ಜೇಬಿನೊಳಗಿನ ಕೈ

ಕೊಳ್ಳಲು ಬಂದ ಮುದುಕರು ಕೀಲಿ ತಿರುಗಿಸಿದರು. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಗರಗರ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮಾರುವವನು ಶೆಡ್ಡಿನಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಬಲಗೈ ಮಾತ್ರ ಪ್ಯಾಂಟಿನ ಜೇಬು ಬಿಟ್ಟು ಬರಲಿಲ್ಲ.

"ಹೋದ ಸಲ ಬಂದವರ ಎದುರಿಗೂ ಹೀಗೇ ಆಯ್ತು," ಬಾಗಿಲಲ್ಲಿ ನಿಂತ ಅವನ ಹೆಂಡತಿ ಹೇಳಿದಳು. "ಅವರು ಆಚೆ ಹೋಗಿದ್ದೇ ತಡ, ಇವರು ಮುಟ್ಟಿದ್ರೆ ಸಾಕು, ಸ್ಟಾರ್ಟ್!"

"ಹಳೇ ಗಾಡಿ ನೋಡಿ, ಹೊಸಬರ ಕೈಗೆ ಬಗ್ಗಲ್ಲ," ಎಂದು ಅವನು ಹಲ್ಲು ಕಿರಿದ. ಎಂಜಿನ್ನಿಗೆ ಕಿಡಿ ಹಂಚುವ ಪುಟ್ಟ ರೋಟರನ್ನು ತಾನೇ ಬಿಚ್ಚಿ ಜೇಬಿಗಿಳಿಸಿದ್ದ. ಅದೀಗ ಬೆವರಿಗೆ ಜಾರುತ್ತಿತ್ತು.

ಮುದುಕರು ಬಾನೆಟ್ ಕಡೆ ನೋಡಲೂ ಇಲ್ಲ. ಕೂತಲ್ಲಿಂದಲೇ ಅವನತ್ತ ಅಂಗೈ ಚಾಚಿದರು.

"ಕೊಡಪ್ಪಾ. ನನ್ನ ಗಾಡಿ ಮಾರೋವಾಗ ನಾನೂ ಅದನ್ನ ಜೇಬಿಗೆ ಹಾಕ್ಕೊಂಡಿದ್ದೆ. ಗಾಡಿ ಹೇಗೂ ಹೋಯ್ತು. ಅದು ಮಾತ್ರ ಇನ್ನೂ ಜೇಬಲ್ಲೇ ಇದೆ."