ಎಡಗಡೆಯ ಬ್ರೇಕು

ಡ್ರೈವಿಂಗ್ ಕಲಿಸುವ ದಸ್ತಗೀರ್‌ಗೆ ಇಂಥ ಶಿಷ್ಯೆ ಸಿಕ್ಕಿದ್ದು ಇದೇ ಮೊದಲು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಆಕೆಯ ಕಣ್ಣು ರಸ್ತೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಪದೇ ಪದೇ ಅವನ ಕಾಲಿನ ಕಡೆ ಹೊರಳುತ್ತಿತ್ತು. ಕಲಿಯುವವರು ಎಡವಟ್ಟು ಮಾಡಿದರೆ ಇರಲೆಂದು ಅಲ್ಲಿ, ಎಡಗಡೆಯ ಸೀಟಿನ ಮುಂದೆ, ಇನ್ನೊಂದು ಬ್ರೇಕು ಇತ್ತು.

"ಮುಂದೆ ನೋಡಿ ಮೇಡಂ. ಹೊಸಬರು ಮೊದಲು ಕಲೀಬೇಕಾಗಿದ್ದೇ ಅದು. ನನ್ನ ಕಾಲು ನೋಡ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರಾ?"

"ಆ ಬ್ರೇಕ್ ಒತ್ತಿದ್ರೆ ನಿಜವಾಗ್ಲೂ ಗಾಡಿ ನಿಲ್ಲುತ್ತಾ ಮಾಸ್ಟ್ರೇ?"

"ನಿಲ್ಲದೇ ಏನು? ಅದರ ದಯೆಯಿಂದ್ಲೇ ನಾನಿನ್ನೂ ಬದುಕಿರೋದು" ಎಂದು ಅವನು ನಕ್ಕ.

ಆಕೆ ನಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು, ಸುತ್ತಿ ಬಂದು ಅವನ ಕಡೆಯ ಬಾಗಿಲು ತೆಗೆದಳು.

"ನೀವು ಆ ಕಡೆ ಕೂತ್ಕೊಳ್ಳಿ. ಸ್ವಲ್ಪ ಜೋರಾಗಿ ಓಡಿಸಿ."

"ಕಲಿಯೋಕೆ ಬಂದಿರೋದು ನೀವೋ ನಾನೋ?" ಎಂದು ಗೊಣಗಿದರೂ, ಆಕೆಯ ಮುಖ ನೋಡಿ ಅವನು ಸ್ಟೀರಿಂಗ್ ಹಿಡಿದ. ಬೈಪಾಸಿನಲ್ಲಿ ಗಾಡಿ ವೇಗ ಹಿಡಿಯಿತು. ಎದುರಿಗೆ ಒಂದು ನಾಯಿಯೂ ಇರಲಿಲ್ಲ.

ಇದ್ದಕ್ಕಿದ್ದಂತೆ ಆಕೆ "ರೀ, ಲಾರಿ!" ಎಂದು ಕಿರುಚಿ ಎಡಗಡೆಯ ಬ್ರೇಕನ್ನು ತುಳಿದಳು. ಗಾಡಿ ಕಿರ್ರೆಂದು ನಿಂತಿತು.

ದಸ್ತಗೀರ್ ರಸ್ತೆಯ ಉದ್ದಕ್ಕೂ ಕಣ್ಣು ಹಾಯಿಸಿದ. "ಎಲ್ಲಿದೆ ಮೇಡಂ ಲಾರಿ?"

ಆಕೆ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಖಾಲಿ ರಸ್ತೆಯನ್ನೇ ನೋಡುತ್ತಿದ್ದಳು.

"ಅವತ್ತೂ ಹೀಗೇ ತುಳಿದೆ ಮಾಸ್ಟ್ರೇ. ನಮ್ಮ ಯಜಮಾನ್ರ ಗಾಡೀಲಿ ಇಲ್ಲಿ ಬರೀ ಮ್ಯಾಟ್ ಇತ್ತು."