ಕುಡಿಯುವ ಕಲ್ಲು

“ಸಹಿ ಹಾಕಿ ಕಳಿಸು, ತೃಪ್ತಿ. ಒಂದು ಗಂಟೆಗೆ ಸಿಮೆಂಟ್ ಇಳಿಸಿ ಬಾವಿ ಮುಚ್ಚುತ್ತೇವೆ” ಎಂದರು ಭುಜಂಗ ಸರ್ ಫೋನಿನಲ್ಲಿ. ಅವರಿದ್ದದ್ದು ಪೂರ್ವದ ಸಮುದ್ರದ ಮೇಲೆ, ಎಣ್ಣೆ ಹುಡುಕುವ ರಿಗ್ಗಿನಲ್ಲಿ. ಅದೇ ರಿಗ್ಗಿನ ಭೂವಿಜ್ಞಾನಿ ತೃಪ್ತಿ ರಜೆಯಲ್ಲಿ ತನ್ನೂರು ಎಣ್ಮಕಜೆಗೆ ಬಂದವಳು, ಮನೆಯಂಗಳದ ಮೂಲೆಯಲ್ಲಿ ಅಜ್ಜನ ಗಾಣದ ಕಲ್ಲಿನ ಮೇಲೆ ಕುಳಿತಿದ್ದಳು. ಸಿಗ್ನಲ್ ಸಿಗುವುದು ಆ ಮೂಲೆಯಲ್ಲಿ ಮಾತ್ರ. ಹನ್ನೊಂದೂವರೆಯ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು.

“ಗ್ರಾನೈಟಿನಲ್ಲಿ ಎಣ್ಣೆ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ ಸರ್.”

“ಎಂತ ಮಾರಾಯ್ತಿ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುವವ ನಾನು. ಗ್ರಾನೈಟ್ ಅಂದರೆ ನಿನ್ನ ಅಜ್ಜಿಯ ಕಡೆಯುವ ಕಲ್ಲು. ಅದನ್ನು ಹಿಂಡಿದರೆ ಎಣ್ಣೆ ಬರ್ತದಾ?”

“ಇದು ಆ ಥರದ ಕಲ್ಲಲ್ಲ. ಸಮುದ್ರದಡಿಗೆ ಹೋಗುವ ಮೊದಲು ಈ ಗ್ರಾನೈಟ್ ಗುಡ್ಡ ಲಕ್ಷಗಟ್ಟಲೆ ವರ್ಷ ಮಳೆ ಬಿಸಿಲಿಗೆ ನಿಂತದ್ದು. ನಿಮ್ಮ ಹೊಸಂಗಡಿಯಲ್ಲಿ ಬಾವಿ ತೋಡುವಾಗ ನೋಡಿದ್ದೀರಲ್ಲ? ಮೇಲೆ ತೂತುತೂತಿನ ಕೆಂಪು ಮುರಕಲ್ಲು, ಆಮೇಲೆ ಜೇಡಿ, ಅದರಡಿ ಕೈಯಲ್ಲೇ ಪುಡಿಯಾಗುವ ಕಲ್ಲು, ಕೊನೆಗೆ ಬಿರುಕು ಬಿಟ್ಟ ಗಟ್ಟಿ ಕಲ್ಲು. ನೀರು ನಿಲ್ಲುವುದು ಆ ಪುಡಿಯಲ್ಲಿ, ಆ ಬಿರುಕಿನಲ್ಲಿ. ನನ್ನ ಪಾಳಿಯಲ್ಲಿ ಮೇಲೆ ಬಂದ ಚೂರುಗಳಲ್ಲಿ ಅರ್ಧಕ್ಕರ್ಧ ಬಿಳಿ ಜೇಡಿಯೇ ಇತ್ತು. ಪಕ್ಕದ ಕೆಸರುಗಲ್ಲಿನಲ್ಲಿ ಹುಟ್ಟಿದ ಎಣ್ಣೆ ಹತ್ತಿ ಬಂದು ಅಲ್ಲಿ ಕೂತಿರಬಹುದು ಸರ್.”

“ಬಹುದು, ಬಹುದು! ಅದಕ್ಕೆಲ್ಲ ಕಂಪೆನಿ ರಿಗ್ ನಿಲ್ಲಿಸಿಕೊಂಡು ಕೂರುವುದಿಲ್ಲ. ನೂರ ಎಂಬತ್ತು ಬ್ಯಾರಲ್ ಮಡ್ ಕುಡಿದಿದೆ ಆ ಕಲ್ಲು. ಕುಡಿಯುವ ಕಲ್ಲು ನಮಗೆ ಬೇಡ.” ಫೋನ್ ಕಟ್ಟಾಯಿತು.

ಮಡ್ ಎಂದರೆ ಕೊರೆಯುವಾಗ ಪಂಪಿನಿಂದ ಬಾವಿಗೆ ಇಳಿಸುವ ಕೆಸರುನೀರು. ಇಳಿದದ್ದೆಲ್ಲ ಮೇಲೆ ಬರಬೇಕು. ಗ್ರಾನೈಟ್ ತಾಗಿದ ಮೇಲೆ ಬರಲಿಲ್ಲ. ಇನ್ನು ಸಿಮೆಂಟ್ ಇಳಿದರೆ ಆ ಬಿರುಕುಗಳ ಬಾಯಿ ಮುಚ್ಚಿಹೋಗುತ್ತದೆ, ಅಲ್ಲಿ ಏನಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ತೃಪ್ತಿ ಎದ್ದು ನಿಂತಳು.

“ಅಯ್ಯೋ, ಚೂಡಿದಾರಕ್ಕೆ ಎಂತ ಮೆತ್ತಿಸಿಕೊಂಡದ್ದು ಮಗಾ?” ಒಗೆದ ಬಟ್ಟೆ ಹರವಲು ಬಂದ ದೇವಕಿಯಜ್ಜಿ ಅವಳನ್ನು ತಿರುಗಿಸಿ ನಿಲ್ಲಿಸಿದರು. ಹಿಂದೆ ಅಂಗೈಯಗಲದ ಕಲೆ. ತೃಪ್ತಿ ಮುಟ್ಟಿ ಮೂಸಿದಳು. ಕಮಟು ಹಿಡಿದ ತೆಂಗಿನೆಣ್ಣೆ.

“ಅಜ್ಜಿ, ಇಲ್ಲಿ ಎಣ್ಣೆ ಚೆಲ್ಲಿದ್ದು ಯಾರು?”

“ಯಾರು ಚೆಲ್ಲುವುದು? ಗಾಣ ನಿಲ್ಲಿಸಿ ಹದಿನೆಂಟು ವರ್ಷ ಆಯ್ತು. ಈ ಕಲ್ಲಿಗೆ ಬಿರುಕು ಬಿತ್ತು ನೋಡು, ಆಮೇಲೆ ಎಷ್ಟು ಕೊಬ್ಬರಿ ಹಾಕಿದರೂ ಎಣ್ಣೆ ಕಮ್ಮಿಯೇ. ಕಲ್ಲು ಕುಡಿಯುತ್ತದೆ, ಕಳ್ಳ ಕಲ್ಲು ಅಂತ ನಿನ್ನ ಅಜ್ಜ ಬಯ್ದದ್ದೇ ಬಯ್ದದ್ದು. ಕೊನೆಗೆ ಕೊಟ್ಟಿಗೆಯ ಕತ್ತಲೆಗೆ ತಳ್ಳಿಸಿದರು.”

ಹೋದ ವಾರ ಕೊಟ್ಟಿಗೆ ಕೆಡವಿದಾಗ ಜೆಸಿಬಿಯವನು ಕಲ್ಲನ್ನು ಅಂಗಳಕ್ಕೆ ತಂದಿಟ್ಟಿದ್ದ. ತೃಪ್ತಿ ಮೊಣಕಾಲೂರಿ ಕುಳಿತಳು. ಕೂದಲೆಳೆಯಂಥ ಬಿರುಕು, ಅದರ ಅಂಚಿನ ಕಲ್ಲು ಬಿಳಿಚಿ ಉಗುರಿಗೆ ಉದುರುತ್ತಿತ್ತು. ಬಿರುಕಿನುದ್ದಕ್ಕೂ ಸಾಸಿವೆಯಷ್ಟೇ ಸಣ್ಣ ಎಣ್ಣೆಯ ಹನಿಗಳು. ಒರೆಸಿದಳು. ನೋಡುತ್ತಿದ್ದಂತೆ ಮತ್ತೆ ಒಸರಿದವು.

ಇದು ಸಾಕ್ಷ್ಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಗಾಣದ ಕಲ್ಲನ್ನು ತೋರಿಸಿ ಮೂರು ಸಾವಿರ ಮೀಟರ್ ಆಳದ ಗುಡ್ಡದ ಬಗ್ಗೆ ವಾದಿಸಿದರೆ ಯಾರಾದರೂ ನಕ್ಕಾರು. ಆದರೆ ತಾನು ಇಷ್ಟು ದಿನ ಕೇಳದೆ ಬಿಟ್ಟ ಒಂದು ಪ್ರಶ್ನೆ ಅಲ್ಲಿ ಒಸರುತ್ತಿತ್ತು. ಫೋನ್ ತೆಗೆದಳು.

“ಸರ್, ಕಲ್ಲು ಕುಡಿದ ಮೇಲೆ ನೀವು ಎಂತ ಮಾಡಿದಿರಿ?”

“ಎಂತ ಮಾಡುವುದು? ಮತ್ತೂ ಪಂಪ್ ಮಾಡಿದೆವು.”

“ಪಂಪ್ ನಿಲ್ಲಿಸಿ ಕಾದು ನೋಡಿದ್ದುಂಟಾ?”

“ಅಷ್ಟೆಲ್ಲ ಕಾಯಲಿಕ್ಕೆ ಪುರುಸೊತ್ತು ಯಾರಿಗೆ ಉಂಟು?”

“ಅರ್ಧ ಗಂಟೆ ಕಾಯಿರಿ ಸರ್. ಪಂಪಿನ ಒತ್ತಡಕ್ಕೆ ಬಿರುಕು ಬಾಯಿ ತೆರೆದು ಕುಡಿದದ್ದಾದರೆ, ಒತ್ತಡ ತೆಗೆದಾಗ ಸ್ವಲ್ಪವಾದರೂ ವಾಪಸ್ ಬಿಡಬೇಕು. ಬಂದದ್ದನ್ನು ನೀಲಿ ದೀಪದ ಕೆಳಗೆ ಹಿಡಿಯಿರಿ. ಎಣ್ಣೆ ಇದ್ದರೆ ಹೊಳೆಯುತ್ತದೆ. ಬರೀ ಕೆಸರಾದರೆ ನಾನು ಸಹಿ ಹಾಕುತ್ತೇನೆ, ತಪ್ಪು ನನ್ನದೇ ಅಂತ ಕೆಳಗೆ ಬರೆದೂ ಕೊಡುತ್ತೇನೆ.”

“ನೀನು ಬಿಡುವವಳಲ್ಲ.”

“ಇಲ್ಲ ಸರ್.”

ತೃಪ್ತಿ ಬಿಸಿಲಿನಲ್ಲೇ ನಿಂತಳು. ಮೂಲೆ ಬಿಟ್ಟರೆ ಸಿಗ್ನಲ್ ಹೋಗುತ್ತದೆ. “ತಲೆಗೆ ಬೈರಾಸಾದರೂ ಹಾಕಿಕೋ, ಆ ಕಲ್ಲಿಗಿಂತ ಗಟ್ಟಿ ನಿನ್ನ ತಲೆ” ಎಂದು ಅಜ್ಜಿ ಹಗ್ಗದ ಮೇಲಿನ ಒದ್ದೆ ಟವೆಲನ್ನೇ ಹೊದಿಸಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಹತ್ತಿಯ ಬತ್ತಿ ಇತ್ತು.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಫೋನ್ ಬಂತು.

“ಹನ್ನೊಂದು ಬ್ಯಾರಲ್ ವಾಪಸ್ ಬಂದಿದೆ” ಎಂದರು ಭುಜಂಗ ಸರ್.

“ದೀಪಕ್ಕೆ ಹಿಡಿದಿರಾ?”

“ಸಿಮೆಂಟಿನವರಿಗೆ ಊಟಕ್ಕೆ ಹೋಗಲಿಕ್ಕೆ ಹೇಳಿದ್ದೇನೆ. ಇನ್ನೆಷ್ಟು ಮೀಟರ್ ಕೊರೆಯಬೇಕು, ಬರೆದು ಕಳಿಸು. ಇದಕ್ಕೆ ಮಾತ್ರ ಸಹಿ ಹಾಕು ಮಾರಾಯ್ತಿ.”

ತೃಪ್ತಿ ತಿರುಗಿದಳು. ಅಜ್ಜಿ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಬತ್ತಿಯನ್ನು ಬಿರುಕಿನುದ್ದಕ್ಕೂ ಮೆಲ್ಲಗೆ ಎಳೆಯುತ್ತಿದ್ದರು. ಬಿಳಿ ಬತ್ತಿ ನೆನೆದು ಹಳದಿಯಾಗಿತ್ತು.

“ಸಾಯುವವರೆಗೂ ನಿನ್ನ ಅಜ್ಜ ಇದಕ್ಕೆ ಕಳ್ಳ ಅಂತ ಬಯ್ದರು ಮಗಾ” ಎಂದರು ಅಜ್ಜಿ, ತಲೆಯೆತ್ತದೆ. “ಒಂದು ದಿನವೂ ಬಿಸಿಲಿಗೆ ತಂದಿಡಲಿಲ್ಲ.”